ಲೆನ್ಸು ನೋಡುವ ಶಾಸ್ತ್ರ

ಮುದ್ದೆ ತಿರುವುವಾಗ ನನಗೆ ಏನೂ ಕಾಣುವುದಿಲ್ಲ. ಪಾತ್ರೆಯ ಹಬೆ ಅಡುಗೆಮನೆಯಲ್ಲಿ ಬೇರೆಲ್ಲೂ ಹೋಗದೆ ನೇರವಾಗಿ ನನ್ನ ಕನ್ನಡಕವನ್ನೇ ಹುಡುಕಿಕೊಂಡು ಬಂದು ಕೂರುತ್ತದೆ. ಗಂಟು ಉಳಿದಿದೆಯೋ ಒಡೆದಿದೆಯೋ ಎಂಬುದನ್ನು ಮುದ್ದೆಕೋಲೇ ಕೈಗೆ ತಿಳಿಸಬೇಕು. ಹಾಗಾಗಿ ತಟ್ಟೆಯಲ್ಲಿ ಮುದ್ದೆ ಮುರಿದು ಒಳಗೆ ಒಣಹಿಟ್ಟು ಕಂಡಾಗಲೆಲ್ಲ ನಮ್ಮ ಯಜಮಾನರು "ಇವತ್ತು ಹಬೆ ಜಾಸ್ತಿ ಇತ್ತೇನೋ" ಎಂದು ಬಹಳ ಮರ್ಯಾದೆಯಿಂದ ಹೇಳುತ್ತಾರೆ. ಮದುವೆಯಾದ ಹೊಸದರಲ್ಲಿ ಈ ಮರ್ಯಾದೆ ಇರಲಿಲ್ಲ, ವರ್ಷ ಕಳೆದ ಮೇಲೆ ಬಂದದ್ದು.

ನೀವೂ ಕನ್ನಡಕದವರಾದರೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗುಲಾಗಿ ಮಲಗಿ ಟಿ.ವಿ. ನೋಡಿದರೆ ಕಡ್ಡಿ ಕಿವಿಯನ್ನು ಒತ್ತುತ್ತದೆ. ಮಳೆಯಲ್ಲಿ ನಡೆದರೆ ಎದುರಿಗೆ ಬರುವವರೆಲ್ಲ ನೀರಿನೊಳಗಿಂದ ಎದ್ದು ಬಂದಂತೆ ಕಾಣುತ್ತಾರೆ. ಸಣ್ಣ ಮಗುವನ್ನು ಎತ್ತಿಕೊಂಡರೆ ಅದಕ್ಕೆ ನಮ್ಮ ಮುಖ ಬೇಡ, ಮುಖದ ಮೇಲಿರುವುದು ಬೇಕು. ಇಷ್ಟಾದರೂ ಬೆಳಿಗ್ಗೆ ಎದ್ದ ತಕ್ಷಣ ದೇವರ ಪಟಕ್ಕಿಂತ ಮೊದಲು ನಾವು ತಡಕಾಡುವುದು ಅದನ್ನೇ. ದೇವರು ಕಾಣಬೇಕೆಂದರೂ ಅದೇ ಬೇಕಲ್ಲ.

ನನಗೆ ಕನ್ನಡಕ ಬಂದದ್ದು ಆರನೇ ಕ್ಲಾಸಿನಲ್ಲಿ. ಕರಿಹಲಗೆ ಮಂಜುಮಂಜಾಗಿ ಕಾಣತೊಡಗಿದಾಗ, ಚೇಳೂರಿನಲ್ಲಿದ್ದ ನಮ್ಮ ಅಜ್ಜಿಗೆ ಇದು ಡಾಕ್ಟರ ಕೈಲಾಗುವ ಕೆಲಸ ಅನ್ನಿಸಲಿಲ್ಲ. ಊರಮ್ಮನಿಗೆ ಬೆಳ್ಳಿ ಕಣ್ಣು ಮಾಡಿಸಿಕೊಡುತ್ತೇನೆಂದು ಹರಕೆ ಹೊತ್ತಳು. ಹೇಳಿದಂತೆ ಮಾಡಿಸಿಯೂ ಕೊಟ್ಟಳು. ಪೂಜಾರಪ್ಪ ಮೇಣ ಹಚ್ಚಿ ಆ ಕಣ್ಣುಗಳನ್ನು ಕಲ್ಲಿನ ಮುಖಕ್ಕೆ ಅಂಟಿಸಿದಾಗ ಅಮ್ಮನವರಿಗೆ ಎಂಥ ಕಳೆ ಬಂತು ಅಂತೀರಿ. ಅಮ್ಮನವರಿಗೆ ಹೊಸ ಕಣ್ಣು ಬಂತು, ನನಗೆ ಕನ್ನಡಕ ಬಂತು, ಶಾಲೆಯಲ್ಲಿ ಸೋಡಾಬುಡ್ಡಿ ಎಂಬ ಹೆಸರೂ ಬಂತು. ಕಾಂಟ್ಯಾಕ್ಟ್ ಲೆನ್ಸನ್ನು ಕಂಡುಹಿಡಿದವರು ಯಾವ ದೇಶದವರೋ ವಿಜ್ಞಾನ ಓದಿದವರು ಹೇಳಲಿ. ಕಣ್ಣಿನ ಮೇಲೆ ಇನ್ನೊಂದು ಕಣ್ಣು ಅಂಟಿಸುವ ಉಪಾಯ ನಮ್ಮ ಪೂಜಾರಪ್ಪನಿಗೆ ಚೆನ್ನಾಗಿ ಗೊತ್ತಿತ್ತು, ಅವರು ಮೇಣ ಬಳಸುತ್ತಿದ್ದರು ಅಷ್ಟೇ.

ಇಷ್ಟು ದೀರ್ಘಕಾಲ ಕನ್ನಡಕ ಹೊತ್ತದ್ದರಿಂದ ನಮ್ಮ ಬಳಗದಲ್ಲಿ ನಾನು ಕಣ್ಣಿನ ವಿಷಯದ ಪಂಡಿತೆ. ತುಮಕೂರಿನ ಒಂದು ಕಾಲೇಜಿನಲ್ಲಿ ನಾನು ಲೈಬ್ರೇರಿಯನ್. ಕಣ್ಣಿಗೂ ಪುಸ್ತಕಕ್ಕೂ ಸಂಬಂಧ ಇರುವುದರಿಂದ ನನ್ನ ಪಾಂಡಿತ್ಯದ ಮೇಲೆ ಯಾರಿಗೂ ಅನುಮಾನವಿಲ್ಲ. ಹಾಗಾಗಿಯೇ ಗುಬ್ಬಿಯಲ್ಲಿರುವ ನನ್ನ ತಂಗಿ ರತ್ನ ಫೋನು ಮಾಡಿ, "ಅಕ್ಕ, ಚೈತ್ರಂಗೆ ಒಂದು ಲೆನ್ಸ್ ಕೊಡಿಸ್ಕೊಡು. ಅದ್ರಲ್ಲಿ ಯಾವ್ದು ಒಳ್ಳೇದು ಅಂತ ನಂಗೆ ಗೊತ್ತಾಗಕಿಲ್ಲ" ಎಂದಳು. ಯಾಕೆ ಇದ್ದಕ್ಕಿದ್ದಂತೆ ಎಂದು ಕೇಳಿದೆ. ಕುಣಿಗಲ್ ಕಡೆಯಿಂದ ಗಂಡು ಬರುತ್ತಿದೆ ಎಂದಳು.

ಚೈತ್ರ ರತ್ನಳ ಒಬ್ಬಳೇ ಮಗಳು. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೋಹದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ವಿಭಾಗದಲ್ಲಿದ್ದಾಳೆ. ಕೂದಲಿನಷ್ಟು ಸಣ್ಣ ಬಿರುಕಿದ್ದರೂ ಹಿಡಿಯುತ್ತಾಳೆ, ಅವಳು ಸಹಿ ಹಾಕದ ಪೆಟ್ಟಿಗೆ ಗೇಟು ದಾಟುವುದಿಲ್ಲ. ಇಂಥ ಹುಡುಗಿಯನ್ನು ಹಿಂದೆ ಒಂದು ಕಡೆಯವರು ಬಂದು ನೋಡಿ, ಕಾಫಿ ಕುಡಿದು, "ಹುಡುಗಿ ಲಕ್ಷಣವಾಗಿದಾಳೆ, ಕನ್ನಡಕ ಒಂದಿಲ್ದಿದ್ರೆ" ಎಂದು ಹೇಳಿ ಕಳಿಸಿದ್ದರು. ಚೈತ್ರ ಅತ್ತು ಕರೆಯಲಿಲ್ಲ. ಮಾರನೇ ದಿನ ಎಂದಿನಂತೆ ಕೆಲಸಕ್ಕೆ ಹೋದಳು. ಆದರೆ ಅಂದಿನಿಂದ ಯಾರಾದರೂ ಫೋಟೋ ತೆಗೆಯಲು ಫೋನು ಎತ್ತಿದರೆ ಸಾಕು, ಅವಳ ಕೈ ತನ್ನಷ್ಟಕ್ಕೆ ತಾನೇ ಕನ್ನಡಕಕ್ಕೆ ಹೋಗಿ ಅದನ್ನು ತೆಗೆದು ಮಡಿಲಿಗೆ ಇಳಿಸುತ್ತಿತ್ತು. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತಿತ್ತು. ಕುಣಿಗಲ್ಲಿನವರಿಗೂ ಕನ್ನಡಕವಿಲ್ಲದ ಫೋಟೋನೇ ಹೋಗಿತ್ತು.

ರತ್ನಳನ್ನು ನೀವು ತಪ್ಪು ತಿಳಿಯಬೇಡಿ. ಅವಳದು ಮೋಸದ ಬುದ್ಧಿಯಲ್ಲ. "ಮದ್ವೆ ಗೊತ್ತಾದ್ಮೇಲೆ ನಾನೇ ಹೇಳ್ತೀನಿ ಕಣಕ್ಕ. ಮೊದ್ಲು ಹುಡುಗೀನ ನೋಡ್ಲಿ, ಆಮೇಲೆ ಕನ್ನಡಕ ನೋಡ್ಲಿ. ಹೋದ್ಸಲದೋರು ಕನ್ನಡಕ ನೋಡ್ಬುಟ್ಟು ಎದ್ದೋದ್ರು, ನನ್ನ ಮಗಳನ್ನ ನೋಡ್ಲೇ ಇಲ್ಲ" ಎಂದಳು.

ಒಂದು ಶನಿವಾರ ಮಧ್ಯಾಹ್ನ ಚೈತ್ರಳನ್ನು ಕರೆದುಕೊಂಡು ತುಮಕೂರಿನ ಎಂ.ಜಿ. ರಸ್ತೆಯ ಒಂದು ಕನ್ನಡಕದ ಅಂಗಡಿಗೆ ಹೋದೆ. ಬಾಗಿಲಲ್ಲೇ ದೊಡ್ಡ ಚಿತ್ರ, ಅದರಲ್ಲಿ ನೀಲಿ ಕಣ್ಣಿನ ಒಬ್ಬಳು ನಗುತ್ತಿದ್ದಳು. ಲೆನ್ಸ್ ಆರಿಸುವುದೆಂದರೆ ಬಣ್ಣ ಆರಿಸುವುದು, ಬಳೆ ಅಂಗಡಿಯ ವ್ಯವಹಾರದ ಹಾಗೆ, ಎಂದು ನಾನು ತಿಳಿದಿದ್ದೆ. ಒಳಗೆ ಕಣ್ಣು ಪರೀಕ್ಷೆ ಮಾಡುವ ಹೆಣ್ಣುಮಗಳು ಬಣ್ಣದ ಮಾತೇ ಎತ್ತಲಿಲ್ಲ. ಏನು ಕೆಲಸ ಮಾಡ್ತೀರಾ ಎಂದು ಶುರು ಮಾಡಿದಳು. ಕೆಲಸದ ಜಾಗದಲ್ಲಿ ಧೂಳು ಇದೆಯಾ, ಗಾಡಿ ಓಡಿಸ್ತೀರಾ, ಮಧ್ಯಾಹ್ನ ಮಲಗೋ ಅಭ್ಯಾಸ ಇದೆಯಾ, ಶೀತ ಅಲರ್ಜಿ ಏನಾದರೂ ಉಂಟಾ, ಕೈ ತೊಳೆಯೋದರಲ್ಲಿ ಸೋಮಾರಿತನ ಇದೆಯಾ ಎಂದು ಒಂದೊಂದಾಗಿ ಕೇಳುತ್ತಾ ಹೋದಳು. ಗಂಡಿನ ಕಡೆಯವರೂ ಇಷ್ಟು ವಿಚಾರಿಸುವುದಿಲ್ಲ. ವಿಚಾರಿಸಿದ್ದರೆ ಎಷ್ಟೋ ಮನೆಗಳು ನೆಟ್ಟಗಿರುತ್ತಿದ್ದವು.

ಆಮೇಲೆ ಅವಳು ಲೆನ್ಸಿನ ಜಾತಿಗಳನ್ನು ವಿವರಿಸಿದಳು. ನನಗೆ ಅರ್ಥವಾದದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಒಂದು ಜಾತಿ ಬಾಳೆ ಎಲೆಯ ಹಾಗೆ, ಒಂದು ದಿನ ಹಾಕಿಕೊಂಡು ಸಂಜೆ ಎಸೆಯುವುದು. ಇನ್ನೊಂದು ಸ್ಟೀಲ್ ತಟ್ಟೆಯ ಹಾಗೆ, ತಿಂಗಳುಗಟ್ಟಲೆ ಬರುತ್ತದೆ, ಆದರೆ ದಿನಾ ಅದರ ದ್ರಾವಣದಲ್ಲೇ ತೊಳೆದು ಇಡಬೇಕು, ನಲ್ಲಿ ನೀರು ಸೋಕಿಸಬಾರದು. ಮೂರನೆಯದು ಗಟ್ಟಿ ಲೆನ್ಸು, ಅಜ್ಜಿಯ ಕಾಲದ ಕಂಚಿನ ಪಾತ್ರೆಯ ಹಾಗೆ, ಒಗ್ಗುವುದಕ್ಕೆ ಬಹಳ ಸತಾಯಿಸುತ್ತದೆ, ಒಗ್ಗಿದರೆ ವರ್ಷ ಕಳೆದರೂ ಜೊತೆಗಿರುತ್ತದೆ. ಕಣ್ಣಿನ ಗುಡ್ಡೆಯ ಉಬ್ಬು ಎಲ್ಲ ಕಡೆ ಒಂದೇ ಸಮ ಇಲ್ಲದೆ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆದಿದ್ದರೆ ಅದಕ್ಕೆ ಬೇರೆಯೇ ಲೆನ್ಸು, ಕಣ್ಣಿನ ಮೇಲೆ ತಿರುಗದೆ ಒಂದೇ ಕಡೆ ನಿಲ್ಲುವಂಥದ್ದು. ಚೈತ್ರಳಿಗೆ ಸಿಲಿಂಡರ್ ಇತ್ತು, ಕಾರ್ಖಾನೆಯ ಧೂಳೂ ಇತ್ತು. ಹಾಗಾಗಿ ತಿರುಗದ ಜಾತಿಯದು, ಅದರಲ್ಲೂ ಬಾಳೆ ಎಲೆಯ ಥರದ್ದು ಎಂದು ತೀರ್ಮಾನವಾಯಿತು. ಕೆಲಸದಲ್ಲಿ ಮೇಲೆ ರಕ್ಷಣೆಯ ಗಾಗಲ್ಸ್ ಇರಲೇಬೇಕು ಎಂದೂ ಹೇಳಿದಳು.

ಹೈಸ್ಕೂಲಿನಲ್ಲಿ ಪೀನ ಮಸೂರ, ನಿಮ್ನ ಮಸೂರ ಎಂದು ನಾವೆಲ್ಲ ಉರು ಹೊಡೆದಿದ್ದೆವಲ್ಲ, ಆ ಮಸೂರ ಎಂದರೆ ಮಸೂರ ಬೇಳೆಯೇ ಎಂದು ನನಗೆ ತಿಳಿದದ್ದು ಲೈಬ್ರರಿಯ ನಿಘಂಟಿನಿಂದ. ಲೆನ್ಸ್ ಎಂಬ ಮಾತೂ ಲ್ಯಾಟಿನ್ ಭಾಷೆಯಲ್ಲಿ ಅದೇ ಬೇಳೆಯ ಹೆಸರಂತೆ. ಎರಡು ಕಡೆಯ ಪಂಡಿತರಿಗೂ ಗಾಜಿನ ಬಿಲ್ಲೆ ಕಂಡಾಗ ಬೇಳೆಯೇ ನೆನಪಾಯಿತೆಂದರೆ ಇಬ್ಬರೂ ಊಟದ ಹೊತ್ತು ಮೀರಿ ಕೆಲಸ ಮಾಡುತ್ತಿದ್ದಿರಬೇಕು. ಅಂದು ಚೈತ್ರಳ ಬೆರಳ ತುದಿಯಲ್ಲಿ ಕೂತಿದ್ದ ಆ ವಸ್ತು ಮಾತ್ರ ಬೇಳೆಗಿಂತ ತೆಳುವಾಗಿ, ಇದೆಯೋ ಇಲ್ಲವೋ ಎಂಬಂತೆ ಇತ್ತು. ಬಿರುಕು ಹುಡುಕುವ ಕೈಯಲ್ಲವೇ, ಅವಳು ಬೇಗ ಕಲಿತಳು. ಲೆನ್ಸು ಹಾಕಿಕೊಂಡು ಕನ್ನಡಿಯಲ್ಲಿ ಒಂದು ಗಳಿಗೆ ನೋಡಿಕೊಂಡು, "ಇದು ನಂಗೆ ಬೇಕು ದೊಡ್ಡಮ್ಮ. ಮಳೇಲಿ ಗಾಡಿ ಓಡ್ಸಕ್ಕೆ ಬೇಕು, ಹೆಲ್ಮೆಟ್ ಹಾಕ್ಕಳಕ್ಕೆ ಬೇಕು. ಬಚ್ಚಿಟ್ಕೊಳಕ್ಕೆ ಮಾತ್ರ ಬೇಡ ಅನ್ಸುತ್ತೆ" ಎಂದಳು. ಹಾಗಾದರೆ ನಿಮ್ಮಮ್ಮನಿಗೆ ಹೇಳು ಎಂದೆ. "ಅಮ್ಮ ಈ ಸಲ ಎಷ್ಟು ಆಸೆ ಇಟ್ಕೊಂಡವ್ಳೆ ಗೊತ್ತಾ?" ಎಂದಳು.

ಬಂದದ್ದಕ್ಕೆ ನನ್ನದೂ ಒಂದು ಆಗಿಹೋಗಲಿ ಎನ್ನಿಸಿ, ಮುದ್ದೆಯ ಹಬೆಯ ಕಥೆ ಹೇಳಿ, ನನಗೂ ಒಂದು ಜೊತೆ ನೋಡಮ್ಮ ಎಂದೆ. ನಿಜ ಹೇಳಬೇಕೆಂದರೆ ಮುದ್ದೆಗಿಂತ ಹೆಚ್ಚಾಗಿ ಬಾಗಿಲಲ್ಲಿದ್ದ ಆ ನೀಲಿ ಕಣ್ಣಿನವಳು ನನ್ನ ತಲೆ ಕೆಡಿಸಿದ್ದಳು. ಪರೀಕ್ಷೆಯವಳು, ಲೆನ್ಸು ಹಾಕುವ ಮೊದಲು ಚೈತ್ರಳಿಗೆ ಮಾಡಿದ್ದಂತೆಯೇ, ನನ್ನ ಕೆಳರೆಪ್ಪೆಗೂ ಒಂದೊಂದು ಕಾಗದದ ಪಟ್ಟಿ ಸಿಕ್ಕಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರಿಸಿದಳು. ಚೈತ್ರಳ ಪಟ್ಟಿ ಚೆನ್ನಾಗಿ ನೆನೆದಿತ್ತು, ತೆಗೆದಾಗ ನನ್ನದು ತುದಿ ಮಾತ್ರ. "ಮೇಡಂ, ನಿಮ್ಮ ಕಣ್ಣಲ್ಲಿ ನೀರೇ ಕಮ್ಮಿ. ಲೆನ್ಸು ಕಣ್ಣಿನ ಮೇಲೆ ಕೂರಲ್ಲ, ಕಣ್ಣೀರಿನ ಮೇಲೆ ತೇಲುತ್ತೆ. ನಿಮಗೆ ಕನ್ನಡಕನೇ ಸರಿ" ಎಂದಳು.

ಇದನ್ನು ತಿಳಿಯಲು ನಮ್ಮ ಮನೆಯವರಿಗೆ ಕಾಗದದ ಪಟ್ಟಿ ಬೇಕಿರಲಿಲ್ಲ. ರತ್ನಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ನೆಂಟರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು ಅಡುಗೆ ಭಟ್ಟರ ಹತ್ತಿರ ಹೋಗಿ ಪಾಯಸಕ್ಕೆ ಗೋಡಂಬಿ ಸಾಕಾಗುತ್ತದಾ ಎಂದು ವಿಚಾರಿಸುತ್ತಿದ್ದೆನಂತೆ. "ನಮ್ಮಕ್ಕಂಗೆ ಕಣ್ಣೀರೇ ಇಲ್ಲ" ಎಂದು ಅವಳು ಈಗಲೂ ಹೇಳಿಕೊಂಡು ತಿರುಗುತ್ತಾಳೆ. ಅದಕ್ಕೆ ಈಗ ವೈದ್ಯಕೀಯ ಪುರಾವೆಯೂ ಸಿಕ್ಕಿದಂತಾಯಿತು.

ಗಂಡಿನ ಕಡೆಯವರು ಬರುವ ಭಾನುವಾರ ನಾನು ಬೆಳಿಗ್ಗೆಯೇ ಗುಬ್ಬಿಯಲ್ಲಿದ್ದೆ. ಹೆಣ್ಣು ನೋಡಲು ಬಂದವರಿಗೆ ಕೇಸರಿಬಾತು, ಮೆಣಸಿನಕಾಯಿ ಬಜ್ಜಿ ಎಂಬುದು ನಮ್ಮ ಕಡೆ ಬರೆಯದ ಕಾನೂನು. ಬಜ್ಜಿ ಬಾಯಿಗಿಟ್ಟವರು "ಹುಡುಗಿಯೇ ಮಾಡಿದ್ದಾ?" ಎಂದು ಕೇಳುವುದೂ, ಹುಡುಗಿಯ ತಾಯಿ ಹೌದು ಎನ್ನುವುದೂ ಶಾಸ್ತ್ರದೊಳಗೇ ಸೇರಿದೆ. ರತ್ನ ಮಗಳನ್ನು ಕರೆದು, "ನಾಲ್ಕು ಮೆಣಸಿನಕಾಯಾದ್ರೂ ನೀನೇ ಸೀಳಿ ಬೀಜ ತೆಗಿ ಕಣೇ. ಸುಳ್ಳು ಹೇಳಕ್ಕೆ ನಂಗೆ ಬರಕಿಲ್ಲ" ಎಂದಳು. ಹೀಗೆ ಹೇಳುತ್ತಲೇ ಮಗಳ ಕನ್ನಡಕದ ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಸರಿಸಿದಳು. ಬಜ್ಜಿಯ ವಿಷಯದಲ್ಲಿ ಅಷ್ಟು ಸತ್ಯವಂತೆ, ಕನ್ನಡಕದ ವಿಷಯದಲ್ಲಿ ಇಷ್ಟು ಅಂಜುಬುರುಕಿ. ತಾಯಿಯಾದವಳಿಗೆ ಎರಡೂ ಒಟ್ಟಿಗೆ ಸಾಧ್ಯ ಎಂದು ಕಾಣುತ್ತದೆ.

ಚೈತ್ರ ಸೀಳಿದಳು, ಬೀಜ ತೆಗೆದಳು, ಓಮದ ಪುಡಿ ಉಪ್ಪು ತುಂಬಿದಳು. ಆಮೇಲೆ ನಾನೇ ಪಕ್ಕದಲ್ಲಿ ನಿಂತು ಸೋಪು ಹಾಕಿ ಕೈ ತೊಳೆಸಿದೆ. ಪಂಡಿತೆಯಲ್ಲವೇ, ಅನುಮಾನ ಬಂದು ಮತ್ತೊಮ್ಮೆ ತೊಳೆಸಿದೆ. ಅವಳು ಎಡಗಣ್ಣಿಗೆ ಲೆನ್ಸು ಇಟ್ಟುಕೊಂಡವಳು ಹಾಗೇ ಉಸಿರು ಎಳೆದುಕೊಂಡು ಗೋಡೆಗೆ ಒರಗಿದಳು. ಖಾರ. ಕೈಯಿಂದ ಲೆನ್ಸಿಗೆ, ಲೆನ್ಸಿನಿಂದ ಕಣ್ಣಿಗೆ. ಕಿತ್ತು ಬಿಸಾಡಿ ನೀರು ಎರಚಿಕೊಂಡಳು, ಬಲಗಣ್ಣೂ ಜೊತೆಗೆ ಸುರಿಯತೊಡಗಿತು. ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತ ಸದ್ದು. ನಾನು ಅಕ್ಕಿ ಡಬ್ಬದ ಹಿಂದಿನಿಂದ ಕನ್ನಡಕ ತೆಗೆದುಕೊಂಡೆ. "ಬೇಡ ಕಣಕ್ಕ, ನಿನ್ನ ದಮ್ಮಯ್ಯ" ಎಂದು ರತ್ನ ನನ್ನ ಕೈ ಹಿಡಿದಳು. ಅವಳ ಮುಖ ನೋಡಿ ನನಗೆ ಕೊಡಲಾಗಲಿಲ್ಲ. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹೀಗೆ ನಮ್ಮ ಚೈತ್ರ ಲೆನ್ಸೂ ಇಲ್ಲದೆ, ಕನ್ನಡಕವೂ ಇಲ್ಲದೆ, ಎರಡು ಕಣ್ಣಲ್ಲೂ ಧಾರಾಕಾರ ನೀರು ಸುರಿಸುತ್ತಾ ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದಳು. ಅಳತೆಯಿಟ್ಟು ನಡೆದು, ಬಾಗಿ, ಮೊದಲ ಲೋಟವನ್ನು ಬಹಳ ಗೌರವದಿಂದ ತನ್ನ ಅಪ್ಪನಿಗೇ ಕೊಟ್ಟು ನಮಸ್ಕಾರ ಎಂದಳು. ರತ್ನಳ ಗಂಡ ಏನು ಮಾಡಬೇಕೋ ತೋಚದೆ ಅವರೂ ನಮಸ್ಕಾರ ಎಂದರು. ಯಾರೂ ನಗಲಿಲ್ಲ. ಹುಡುಗ ನವೀನ, ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು, ಅವಳ ಕೆಂಪು ಕಣ್ಣನ್ನೇ ನೋಡುತ್ತಿದ್ದ. ಅವನ ತಾಯಿ ಜಯಮ್ಮ ಬಜ್ಜಿಯನ್ನು ಕೈಯಲ್ಲಿ ಹಿಡಿದವರು ಹಾಗೇ ತಟ್ಟೆಗೆ ಇಟ್ಟರು. ಅಳುತ್ತಾ ಬಂದ ಹುಡುಗಿಯನ್ನು ಕಂಡರೆ ಯಾರಿಗಾದರೂ ಬರುವ ಯೋಚನೆ ಒಂದೇ. ರತ್ನಳ ಆಸೆಯೆಲ್ಲ ಅಲ್ಲೇ ಕುಸಿಯುತ್ತಿರುವುದು ನನಗೆ ಕಾಣುತ್ತಿತ್ತು.

ಹುಡುಗ ಎದ್ದು, ಹುಡುಗಿಯ ಜೊತೆ ಎರಡು ಮಾತಾಡಬಹುದಾ ಎಂದು ಕೇಳಿದ. ಹಿತ್ತಲಿಗೆ ಕಳಿಸಿದರು. ಕಾವಲಿಗೆಂದು ನನ್ನನ್ನೂ ಕಳಿಸಿದರು. ನಾನು ಕರಿಬೇವು ಬಿಡಿಸುವ ನೆಪದಲ್ಲಿ ಗಿಡದ ಹತ್ತಿರ ನಿಂತೆ. ಕರಿಬೇವು ಬಿಡಿಸುವಾಗ ಕಿವಿಗೆ ಕೆಲಸವಿರುವುದಿಲ್ಲವಲ್ಲ.

"ನೋಡಿ," ಎಂದ ನವೀನ, "ಬಲವಂತ ಏನಾದ್ರೂ ಇದ್ರೆ ಹೇಳ್ಬುಡಿ. ನನಗೇ ಒಪ್ಪಿಗೆ ಆಗ್ಲಿಲ್ಲ ಅಂತ ನಾನು ಮನೇಲಿ ಹೇಳ್ತೀನಿ. ನಿಮ್ಮ ಮೇಲೆ ಏನೂ ಬರಲ್ಲ."

ಆ ಕ್ಷಣವೇ ನನಗೆ ಹುಡುಗ ಒಪ್ಪಿಗೆಯಾದ. ನನ್ನನ್ನು ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

"ಬಲವಂತ ಅಲ್ಲ," ಎಂದಳು ಚೈತ್ರ. "ಮೆಣಸಿನಕಾಯಿ." ಆಮೇಲೆ ಎಲ್ಲವನ್ನೂ ಹೇಳಿಬಿಟ್ಟಳು. ಕನ್ನಡಕ, ಹಿಂದೆ ಬಂದವರ ಮಾತು, ಕನ್ನಡಕ ತೆಗೆದ ಫೋಟೋ, ಲೆನ್ಸು, ಬಜ್ಜಿ. "ನೀವು ಎದುರಿಗೇ ನಿಂತಿದೀರ, ಆದ್ರೂ ನಿಮ್ಮ ಮುಖ ನಂಗೆ ಇನ್ನೂ ಕಂಡಿಲ್ಲ. ಒಪ್ಪಿಗೆ ಇದೆಯಾ ಅಂತ ಕೇಳಿದ್ರೆ ಏನಂತ ಹೇಳ್ಲಿ?"

ಈಗ ಅವನು ತಿರುಗಿ ಹೊರಟೇಬಿಡುತ್ತಾನೆ ಎಂದು ನಾನು ಅಂದುಕೊಂಡೆ. "ಸೋಪಲ್ಲಿ ಹೋಗಲ್ಲ ಅದು," ಎಂದ. "ಮೊದ್ಲು ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕ್ಬೇಕು. ಖಾರ ಎಣ್ಣೆಗೆ ಹೋಗುತ್ತೆ."

"ನಿಮಗೆ ಹೆಂಗೊತ್ತು?"

"ಹೋದ ತಿಂಗಳು ಲೆನ್ಸ್ ಹಾಕ್ಕೊಳಕ್ಕೆ ಹೋಗಿ ನಾನೂ ಹಿಂಗೇ ಅತ್ತಿದೀನಿ," ಎಂದು ಕಾರಿನ ಕಡೆ ಕೈ ತೋರಿಸಿದ. "ನನ್ನ ಕನ್ನಡಕ ಕಾರಲ್ಲಿದೆ. ಹುಡುಗಿ ಮನೆಗೆ ಕನ್ನಡಕ ಹಾಕ್ಕೊಂಡು ಹೋದ್ರೆ ವಯಸ್ಸಾದಂಗೆ ಕಾಣುತ್ತೆ ಅಂತ ನಮ್ಮಮ್ಮ. ಕ್ಲಾಸಲ್ಲಿ ನಿಮ್ನ ಮಸೂರದ ಪಾಠ ಮಾಡೋನು ನಾನೇ."

ನನಗೆ ನಗು ತಡೆಯಲಾಗಲಿಲ್ಲ, ಕರಿಬೇವಿನ ಗಿಡಕ್ಕೂ ಗೊತ್ತಾಯಿತು. ಚೈತ್ರ ಈ ಕಡೆ ತಿರುಗಿ ಕೈ ಚಾಚಿ, "ದೊಡ್ಡಮ್ಮ, ನನ್ನ ಕನ್ನಡಕ ಕೊಡು" ಎಂದಳು. ಸೊಂಟದಿಂದ ಡಬ್ಬಿ ತೆಗೆದು ಕೊಡುವಾಗ ಒಳಗೆ ಕೂತ ತಂಗಿಯ ನೆನಪಾದದ್ದು ನಿಜ. ಆದರೂ ಕೊಟ್ಟೆ. ಅವನು ಕಾರಿಗೆ ಹೋಗಿ ಲೆನ್ಸು ತೆಗೆದು ತನ್ನ ದಪ್ಪ ಕನ್ನಡಕ ಹಾಕಿಕೊಂಡು ಬಂದ. ಚೈತ್ರ ಅವನನ್ನು ಕಾರ್ಖಾನೆಯ ಬಿಡಿಭಾಗ ಪರೀಕ್ಷೆ ಮಾಡುವ ಹಾಗೆ ನಿಧಾನವಾಗಿ ನೋಡಿದಳು. ಗದ್ದದ ಕೆಳಗಿನ ಸಣ್ಣ ಗಾಯದ ಗುರುತು ಅವಳಿಗೆ ತಪ್ಪುತ್ತದೆಯೇ? "ಅದೇನು, ಕುದುರೆಯಿಂದ ಬಿದ್ದಿದ್ದಾ?" ಎಂದಳು. "ಕುದುರೆ ಫಾರಂ ಐತೆ ಅಂತ ಕುಣಿಗಲ್‌ನೋರೆಲ್ಲ ಕುದುರೆ ಹತ್ತಲ್ಲ ಕಣ್ರೀ. ಸೈಕಲ್ಲಿಂದ ಬಿದ್ದಿದ್ದು," ಎಂದ ಅವನು. ಮುಂದಿನ ಮಾತುಗಳನ್ನು ನಾನು ಕೇಳಲಿಲ್ಲ. ಸಾಕಷ್ಟು ಕರಿಬೇವು ಆಗಿತ್ತು.

ಇಬ್ಬರೂ ಕನ್ನಡಕ ಹಾಕಿಕೊಂಡು ನಡುಮನೆಗೆ ಬಂದಾಗ ಇಬ್ಬರು ತಾಯಂದಿರ ಮುಖ ನೋಡಬೇಕಿತ್ತು. "ನಿಮ್ಮೋಳಿಗೂ ಐತಾ?" ಎಂದರು ಜಯಮ್ಮ. "ನಿಮ್ಮ ಹುಡುಗಂಗೂ ಇದೆಯಾ?" ಎಂದಳು ರತ್ನ. ಹೇಳಬೇಕಾದದ್ದು ಅಷ್ಟೇ ಇತ್ತು. ಜಯಮ್ಮ ಆರಿದ ಬಜ್ಜಿಯನ್ನು ಮತ್ತೆ ಕೈಗೆತ್ತಿಕೊಂಡು ಕಚ್ಚಿ, "ಹುಡುಗಿಯೇ ಮಾಡಿದ್ದಾ?" ಎಂದು ಕೇಳಿದರು. ಅದಕ್ಕೆ ಪುರಾವೆ ಎಲ್ಲರ ಕಣ್ಣೆದುರಿಗೇ ಕೆಂಪಗೆ ಇತ್ತು. ಹದಿನೈದು ದಿನ ಫೋನಿನಲ್ಲಿ ಮಾತಾಡಿದ ಮೇಲೆ ಚೈತ್ರ ಸರಿ ಎಂದಳು. ಪರೀಕ್ಷೆ ಮಾಡದೆ ಅವಳು ಯಾವುದನ್ನೂ ಗೇಟಿನಿಂದ ಹೊರಗೆ ಬಿಟ್ಟವಳಲ್ಲ.

ನಿಮ್ಮ ಕಣ್ಣಿಗೆ ಯಾವ ಲೆನ್ಸು ಸರಿ ಎಂದು ನನ್ನನ್ನು ಕೇಳಬೇಡಿ, ಅಂಗಡಿಯಲ್ಲಿ ಪರೀಕ್ಷೆ ಮಾಡಿ ಹೇಳುತ್ತಾರೆ. ಚೈತ್ರ ಈಗಲೂ ಮಳೆ ಬಂದ ದಿನ ಲೆನ್ಸು ಹಾಕಿಕೊಂಡೇ ಗಾಡಿ ಓಡಿಸುತ್ತಾಳೆ. ಮದುವೆಯ ದಿನ ಮಾತ್ರ ಕನ್ನಡಕ ಹಾಕಿದಳು. ವಿಡಿಯೋದವನು ಗಾಜು ಮಿಂಚುತ್ತದೆ, ಧಾರೆಯ ಹೊತ್ತಿಗಾದರೂ ತೆಗೆಯಿರಿ ಎಂದ. "ಮಿಂಚ್ಲಿ ಬುಡಿ" ಎಂದಳು. ಅವಳ ಕೈ ಕನ್ನಡಕದ ಹತ್ತಿರಕ್ಕೂ ಹೋಗಲಿಲ್ಲ.

ತುಮಕೂರಿನ ಕಲ್ಯಾಣ ಮಂಟಪದಲ್ಲಿ ಅಂತರಪಟ ಹಿಡಿದಿದ್ದರು. ಆ ಕಡೆ ಒಂದು ಜೊತೆ ಕನ್ನಡಕ, ಈ ಕಡೆ ಒಂದು ಜೊತೆ. ವಾದ್ಯ ಜೋರಾಯಿತು, ಪಟ ಸರಿಯಿತು, ಇಬ್ಬರೂ ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಹಾಕಿದರು. ಅರ್ಧ ಜೀರಿಗೆ ಕನ್ನಡಕಕ್ಕೇ ಅಂಟಿತು. ಆ ಜೀರಿಗೆಯ ಸಂದಿಯಿಂದಲೇ ಚೈತ್ರ ಅವನನ್ನು ನೆಟ್ಟ ನೋಟದಲ್ಲಿ ನೋಡುತ್ತಾ ನಗುತ್ತಿದ್ದಳು. ಪಾಯಸದ ಕಡೆ ಹೋಗಿ ವಿಚಾರಿಸಿಕೊಂಡು ಬರೋಣವೆಂದು ಹೊರಟವಳು ಅಲ್ಲೇ ನಿಂತುಬಿಟ್ಟೆ. ಮಂಟಪ, ಹೂವು, ಆ ಎರಡು ಮುಖ ಎಲ್ಲವೂ ಮುದ್ದೆಯ ಹಬೆ ಕವಿದ ಹಾಗೆ ಮಂಜಾದವು. ಎಂ.ಜಿ. ರಸ್ತೆಯ ಆ ಹೆಣ್ಣುಮಗಳು ಆಗ ತನ್ನ ಕಾಗದದ ಪಟ್ಟಿ ತಂದು ನೋಡಬೇಕಿತ್ತು.

ರತ್ನ ಪಕ್ಕಕ್ಕೆ ಬಂದು ನನ್ನ ಮುಖ ನೋಡಿದಳು. "ಅಳ್ತಿದೀಯೇನಕ್ಕ?"

"ಇಲ್ಲ ಕಣೇ. ಲೆನ್ಸು ಚುಚ್ತಾ ಇದೆ."

ಅವಳು ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ತೆಗೆದು, ತನ್ನ ರೇಷ್ಮೆ ಸೆರಗಿನಲ್ಲಿ ಒರೆಸಿ, ಮತ್ತೆ ಅಲ್ಲೇ ಇಟ್ಟಳು.